ಹುರಿಯುವುದೋ, ಬೇಯಿಸುವುದೋ: ಒಂದೇ ಲಿಗ್ನೈಟಿಗೆ ಮೂರು ಬಗೆಯ ಬಿಸಿ

ತಮಿಳುನಾಡಿನ ನೆಯ್ವೇಲಿಯ ಲಿಗ್ನೈಟ್ ಮಯೋಸೀನ್ ಎಂಬ ಭೂವೈಜ್ಞಾನಿಕ ಕಾಲದ್ದು. ಕಂದು ಬಣ್ಣ, ಅಲ್ಲಲ್ಲಿ ಇನ್ನೂ ಮರದ ನಾರು ಕಾಣಿಸುವ ಎಳೆಯ ಕಲ್ಲಿದ್ದಲು. ಇದು ಭೂಮಿಯ ಆಳಕ್ಕಿಳಿದು 100ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೆಂದಿದ್ದರೆ ಏನಾಗುತ್ತಿತ್ತು, ಎಣ್ಣೆ, ಅನಿಲ ಹೇಗೆ ಹುಟ್ಟುತ್ತಿದ್ದವು? ಪ್ರಯೋಗಾಲಯದಲ್ಲಿ ಅಷ್ಟು ಕಾಲವಿಲ್ಲ; ಕಾಲದ ಕೊರತೆಯನ್ನು ಹೆಚ್ಚು ಶಾಖದಿಂದ ತುಂಬಬೇಕು. ಸಂಶೋಧನೆಯ ದಿನಗಳಲ್ಲಿ ಒಂದೇ ಹೆಂಟೆಯಿಂದ ಒಡೆದ ಚೂರುಗಳನ್ನು ಮೂರು ವಿಧಾನಗಳಲ್ಲಿ ಕಾಯಿಸಿ ನೋಡಿದೆ.

ಮೊದಲನೆಯದು ರಾಕ್-ಇವಾಲ್. 1970ರ ದಶಕದಲ್ಲಿ ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆಯಲ್ಲಿ ರೂಪುಗೊಂಡ ಯಂತ್ರ. ಪುಟ್ಟ ಬಟ್ಟಲಿನಲ್ಲಿ ಪುಡಿ ಹಾಕಿದರೆ 300 ಡಿಗ್ರಿಯಲ್ಲಿ ಕೆಲವು ನಿಮಿಷ ನಿಲ್ಲಿಸಿ, ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ ಏರಿಸುತ್ತದೆ. ಹುಟ್ಟಿದ ಆವಿಯನ್ನು ಜಡ ಅನಿಲ ಕೂಡಲೇ ಹೊತ್ತೊಯ್ಯುತ್ತದೆ. ಒಂದು ಗಂಟೆಯೊಳಗೆ ಅಂಕಿಗಳು ಕೈಯಲ್ಲಿರುತ್ತವೆ. ಕಲ್ಲಿದ್ದಲಿನವರಿಗೆ ಒಂದು ಎಚ್ಚರಿಕೆ: ಶೇಲ್ ಎಂಬ ಪದರಗಲ್ಲಿನ ಪುಡಿಯನ್ನು ಹಾಕುವಷ್ಟೇ ಕಲ್ಲಿದ್ದಲಿನ ಪುಡಿಯನ್ನೂ ಹಾಕಿದರೆ ಆವಿಯನ್ನು ಅಳೆಯುವ ಪತ್ತೆಕಾರಕಕ್ಕೆ ತಡೆದುಕೊಳ್ಳಲಾಗದು, ಹತ್ತು ಮಿಲಿಗ್ರಾಮಿನ ಆಸುಪಾಸು ಸಾಕು. ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಆದರೆ ಇದು ಹುರಿಯುವ ಕೆಲಸ. ಹುಟ್ಟಿದ್ದು ಅಲ್ಲೇ ಉಳಿದು ಮತ್ತೆ ಒಡೆಯುವುದು, ಒಂದರೊಡನೊಂದು ಬೆಸೆಯುವುದು ಭೂಮಿಯೊಳಗೆ ನಡೆಯುತ್ತದೆ; ಇಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಎರಡನೆಯದು ಚಿನ್ನದ ಕೊಳವೆ. ಚಿನ್ನ ರಾಸಾಯನಿಕ ಕ್ರಿಯೆಯಲ್ಲಿ ತಲೆ ಹಾಕುವುದಿಲ್ಲ, ಮೆತ್ತಗಿರುವುದರಿಂದ ಹೊರಗಿನ ಒತ್ತಡವನ್ನು ಹಾಗೆಯೇ ಒಳಗೆ ದಾಟಿಸುತ್ತದೆ. ಒಂದು ತುದಿ ಬೆಸೆದು, ಪುಡಿ ತುಂಬಿ, ಆರ್ಗಾನ್ ಹಾಯಿಸಿ ಗಾಳಿ ಹೊರಹಾಕಿ, ಪುಡಿಯಿರುವ ಭಾಗವನ್ನು ತಣ್ಣಗಿಟ್ಟುಕೊಂಡು ಇನ್ನೊಂದು ತುದಿ ಬೆಸೆಯಬೇಕು. ಅರಿಶಿನ ಎಲೆಯ ಕಡುಬಿನಂತೆ ಒಳಗಿನದು ಒಳಗೇ ಬೇಯುತ್ತದೆ. ಕೆಲವೇ ಮಿಲಿಗ್ರಾಂ ಕೆರೋಜೆನ್, ಅಂದರೆ ಕಲ್ಲಿನೊಳಗಿನ ದ್ರಾವಕದಲ್ಲಿ ಕರಗದ ಜೈವಿಕ ಅಂಶ, ಇದ್ದರೂ ಸಾಕು ಎಂಬುದು ಇದರ ದೊಡ್ಡ ಗುಣ; ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಖನಿಜ ಕರಗಿಸಿ ಕೆರೋಜೆನ್ ಬೇರ್ಪಡಿಸಿದವರಿಗೆ ಒಂದೊಂದು ಮಿಲಿಗ್ರಾಮಿನ ಬೆಲೆಯೂ ಗೊತ್ತು. ನನ್ನ ಮೊದಲ ಸರಣಿಯಲ್ಲಿ ಎರಡು ಕೊಳವೆಗಳು ಸೋರಿದವು. ಬಿಸಿಗೆ ಮೊದಲೂ ನಂತರವೂ ತೂಗಿದ್ದರಿಂದ ತಿಳಿಯಿತು, ಇಲ್ಲದಿದ್ದರೆ ಆ ತಪ್ಪು ಅಂಕಿಗಳನ್ನೇ ನಂಬಿಬಿಡುತ್ತಿದ್ದೆ.

ಮೂರನೆಯದು ನೀರಿನೊಡನೆ ಬೇಯಿಸುವುದು, ಜಲಯುಕ್ತ ಪೈರಾಲಿಸಿಸ್ (ಪೈರಾಲಿಸಿಸ್ ಎಂದರೆ ಶಾಖದಿಂದ ಒಡೆಯುವುದು). 1979ರಲ್ಲಿ ಮೈಕೆಲ್ ಲೆವನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಚೂರುಗಳನ್ನು ನೀರಿನಲ್ಲಿ ಮುಳುಗಿಸಿ, ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ, ನೀರಿನ ಕ್ರಾಂತಿಕ ತಾಪಮಾನವಾದ (ಅದರ ಮೇಲೆ ನೀರು ದ್ರವವಾಗಿ ಉಳಿಯದು) 374 ಡಿಗ್ರಿಯ ಕೆಳಗೆ, ಸಾಮಾನ್ಯವಾಗಿ 72 ಗಂಟೆ ಇಡುತ್ತಾರೆ. ನಾನು ಇಟ್ಟದ್ದು 330 ಡಿಗ್ರಿಯಲ್ಲಿ. ಆ ಶಾಖದಲ್ಲಿ ನೀರಿನ ಆವಿಯೊಂದೇ ಸುಮಾರು 129 ಬಾರ್ ಒತ್ತಡ ಹಾಕುತ್ತದೆ. ದ್ರವ ನೀರು ಒಂದೂವರೆ ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಎಷ್ಟು ನೀರು ಸುರಿಯಬೇಕೆಂದು ಲೆಕ್ಕ ಹಾಕದೆ ಮುಚ್ಚಳ ಬಿಗಿಯಬಾರದು. ಮೇಲೆ ಜಾಗ ಉಳಿಯದಿದ್ದರೆ ಪಾತ್ರೆಯೇ ಬಾಂಬ್.

ನಾಲ್ಕನೆಯ ಬೆಳಿಗ್ಗೆ, ಪೂರ್ತಿ ತಣಿದ ಮೇಲೆ ಅನಿಲಗಳನ್ನು ಹೊರಗೆಳೆಯುವ ಫ್ಯೂಮ್ ಹುಡ್ ಕೆಳಗೆ ಅನಿಲವನ್ನು ಬಿಟ್ಟಾಗ ಮೊದಲು ಮೂಗಿಗೆ ಬಂದದ್ದು ಕೊಳೆತ ಮೊಟ್ಟೆಯ ವಾಸನೆ, ಹೈಡ್ರೋಜನ್ ಸಲ್ಫೈಡ್. ಮುಚ್ಚಳ ತೆಗೆದರೆ ನೀರಿನ ಮೇಲೆ ಕಂದು ಎಣ್ಣೆಯ ತೆಳುಪದರ. ಪಾತ್ರೆಯ ಗೋಡೆಗೂ ಮೇಣದಂತಹದ್ದು ಅಂಟಿತ್ತು. ಕಂದು ಚೂರುಗಳು ಕರಿದಾಗಿ ಹೊಳೆಯುತ್ತಿದ್ದವು. ಎಣ್ಣೆ ತೀರಾ ಕಡಿಮೆ, ನಿಜ. ಕಲ್ಲಿದ್ದಲು ತಾನು ಹುಟ್ಟಿಸಿದ್ದರಲ್ಲಿ ಬಹುಪಾಲನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಆದರೂ ಒಳಗೆ ಹುಟ್ಟಿ, ತಾನಾಗಿ ಹೊರಬಂದು, ನೀರಿನ ಮೇಲೆ ತೇಲುವ ಎಣ್ಣೆಯನ್ನು ಕಣ್ಣಾರೆ ಕಂಡದ್ದು ಈ ವಿಧಾನದಲ್ಲಿ ಮಾತ್ರ.

ಒತ್ತಡಕ್ಕಾಗಿ ನೀರು ಹಾಕುತ್ತಾರೆಂದೇ ಬಹಳ ದಿನ ತಿಳಿದಿದ್ದೆ. ಅನುಮಾನ ತೀರಿಸಿಕೊಳ್ಳಲು ಎರಡು ಚಿನ್ನದ ಕೊಳವೆಗಳಲ್ಲಿ ಅದೇ ಲಿಗ್ನೈಟನ್ನು ಒಣಗಿಸಿ ತುಂಬಿ, ಒಂದಕ್ಕೆ ಮಾತ್ರ ನೀರು ಸೇರಿಸಿ, ಒಂದೇ ಒತ್ತಡ, ಒಂದೇ ಶಾಖದಲ್ಲಿಟ್ಟೆ. ಒಣ ಕೊಳವೆಯಲ್ಲಿ ದ್ರಾವಕದಲ್ಲಿ ಕರಗದ ಕರಿ ಶೇಷವೇ ಹೆಚ್ಚು. ನೀರಿದ್ದುದರಲ್ಲಿ ಕರಗುವ ಅಂಶವೂ ಹೆಚ್ಚು, ಇಂಗಾಲದ ಡೈಆಕ್ಸೈಡೂ ಹೆಚ್ಚು. ನೀರು ತನ್ನ ಹೈಡ್ರೋಜನ್ನನ್ನು ಒಡೆದ ತುದಿಗಳಿಗೆ ಕೊಟ್ಟು ಅವು ಮತ್ತೆ ಬೆಸೆಯದಂತೆ ನೋಡಿಕೊಳ್ಳುತ್ತದೆ ಎಂಬ ವಿವರಣೆ ನನ್ನ ಫಲಿತಾಂಶಕ್ಕೆ ಸರಿಹೊಂದುತ್ತದೆ. ಥಾಮಸ್ ಹೋರಿಂಗ್ 1984ರಲ್ಲೇ ಭಾರಜಲದೊಡನೆ ಕೆರೋಜೆನ್ ಕಾಯಿಸಿ, ಆ ನೀರಿನಲ್ಲಿರುವ ಭಾರ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ಉತ್ಪನ್ನಗಳೊಳಗೆ ಸೇರಿದ್ದನ್ನು ತೋರಿಸಿದ್ದರು.

ಆದ್ದರಿಂದ ಈಗ ಎಣ್ಣೆ ಹೇಗೆ ಹುಟ್ಟಿ ಹೊರಬರುತ್ತದೆ ಎಂಬ ಪ್ರಶ್ನೆಯಿದ್ದು, ಮಾದರಿ ಧಾರಾಳವಾಗಿದ್ದರೆ ನೀರಿನ ಪಾತ್ರೆಯನ್ನೇ ಆರಿಸುತ್ತೇನೆ. ಅನಿಲದ ಲೆಕ್ಕ ಬೇಕಿದ್ದರೆ, ಅಥವಾ ಇರುವುದೇ ಚಿಟಿಕೆಯಷ್ಟಾದರೆ ಚಿನ್ನದ ಕೊಳವೆ, ಅದರೊಳಗೂ ಒಂದು ಹನಿ ನೀರು. ರಾಕ್-ಇವಾಲ್ ಎರಡರ ಮೊದಲೂ ನಂತರವೂ ಬೇಕು: ಅದು ಕೊಡುವ ಟಿ-ಮ್ಯಾಕ್ಸ್, ಅಂದರೆ ಒಡೆಯುವಾಗ ಅತಿ ಹೆಚ್ಚು ಆವಿ ಹೊರಡುವ ತಾಪಮಾನ, ಮಾದರಿ ಎಷ್ಟು ಬೆಂದಿದೆ ಎಂದು ಹೇಳುತ್ತದೆ. ಬೇಯುವ ಮುನ್ನ 420 ಡಿಗ್ರಿಯ ಕೆಳಗಿದ್ದ ಲಿಗ್ನೈಟಿನ ಟಿ-ಮ್ಯಾಕ್ಸ್, ಮೂರು ದಿನ ನೀರಿನಲ್ಲಿ ಬೆಂದ ಮೇಲೆ 440 ದಾಟಿತ್ತು.