ಬೂಷ್ಟು ಹಿಡಿದ ಹಿಂಡಿಯನ್ನು ಒಣಗಿಸಿ ಮಾರುತ್ತಾರೆ, ಹುಷಾರು

ಹಸು ಸಾಕಿರುವವರು ದಯವಿಟ್ಟು ಓದಿ. ಶೇಂಗಾ ಹಿಂಡಿ ಕೊಳ್ಳುವಾಗ ಮೂಟೆ ಬಿಚ್ಚಿ ಮೇಲಿನ ತುಂಡು ನೋಡಿದರೆ ಸಾಲದು. ನಡುವಿನಿಂದ, ತಳದಿಂದಲೂ ತೆಗೆದು ಮುರಿದು ನೋಡಿ.

ನನಗೆ ಸಿಕ್ಕಿದ ಮೂಟೆ ಮೇಲೆ ಚೆನ್ನಾಗಿಯೇ ಇತ್ತು. ಒಳ್ಳೆ ಬಣ್ಣ, ಎಣ್ಣೆಯ ಘಮ. ಅರ್ಧ ಖಾಲಿಯಾದ ಮೇಲೆ ಮುಗ್ಗಲು ವಾಸನೆ ಶುರುವಾಯಿತು. ಒಂದು ತುಂಡು ಮುರಿದರೆ ಒಳಗೆ ಬೂದು ಹಸಿರು ಪುಡಿ, ಬೆರಳಿಗೆಲ್ಲ ಅಂಟಿತು. ಅಷ್ಟರಲ್ಲಿ ಹಸು ಬಾನಿಯನ್ನು ಮೂಸಿ ಹಿಂದೆ ಸರಿಯುತ್ತಿತ್ತು. ಹಾಲು ಅರ್ಧಕ್ಕಿಳಿಯಿತು. ಮೈಯ ಹೊಳಪು ಹೋಗಿ ಕೂದಲು ಒರಟಾಯಿತು. ಅದೇ ಹಿಂಡಿ ತಿಂದ ಕರುವಿಗೆ ಭೇದಿ, ಕಣ್ಣಿನ ರೆಪ್ಪೆ ಮಡಚಿ ನೋಡಿದರೆ ಒಳಗೆಲ್ಲ ಹಳದಿ. ಅದು ಉಳಿಯಲಿಲ್ಲ. ಹಿಂಡಿಯನ್ನು ಲ್ಯಾಬಿಗೆ ಕೊಟ್ಟಾಗ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇದೆ ಅಂತ ಬಂತು.

ಮಾರಿದವನನ್ನು ಕೇಳಿದರೆ ಸಲೀಸಾಗಿ ಹೇಳಿದ: "ಸ್ವಲ್ಪ ನೆನೆದಿತ್ತು, ಬಿಸಿಲಿಗೆ ಹಾಕಿ ಒಣಗಿಸಿದ್ದೇವಲ್ಲ, ಏನೂ ಆಗಲ್ಲ." ಮೋಸ ಇರೋದೇ ಇಲ್ಲಿ. ಬಿಸಿಲಿಗೆ ಬೂಷ್ಟು ಒಣಗಿ ಉದುರುತ್ತದೆ. ಅದು ಬಿಟ್ಟ ವಿಷ ಹಿಂಡಿಯೊಳಗೇ ಉಳಿಯುತ್ತದೆ.

ಆಸ್ಪರ್ಜಿಲಸ್ ಎಂಬ ಬೂಷ್ಟು, ತೇವ ಮತ್ತು ಸೆಕೆ ಎರಡೂ ಸಿಕ್ಕಾಗ ಈ ವಿಷ ಬಿಡುತ್ತದೆ. ಶೇಂಗಾ, ಹತ್ತಿಬೀಜ, ಮೆಕ್ಕೆಜೋಳ, ಕೊಬ್ಬರಿ ಇವಕ್ಕೆಲ್ಲ ಈ ಕಾಟ ಇದೆ. ಮೊದಲು ಬೆಳಕಿಗೆ ಬಂದದ್ದೂ ಹಿಂಡಿಯಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿ. ಈ ವಿಷ ಹಿಡಿಯುವುದು ಲಿವರನ್ನು. ಎಳೆಯ ಕರುಗಳು ದೊಡ್ಡ ಹಸುಗಳಷ್ಟು ತಡೆದುಕೊಳ್ಳುವುದಿಲ್ಲ.

ನನ್ನ ಹಸು ಗಟ್ಟಿಯಾಗಿದೆ, ತಿಂದು ಅರಗಿಸಿಕೊಳ್ಳುತ್ತದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಹಿಂಡಿಯಲ್ಲಿರುವ ಅಫ್ಲಾಟಾಕ್ಸಿನ್ ಬಿ1 ಎಂಬ ಬಗೆ ಹಸುವಿನ ಹೊಟ್ಟೆಗೆ ಹೋದರೆ ಅದರ ಒಂದು ಪಾಲು ಎಂ1 ಎಂಬ ಇನ್ನೊಂದು ಬಗೆಯ ವಿಷವಾಗಿ ಹಾಲಿಗೆ ಬರುತ್ತದೆ, ಅದೂ ಒಂದೇ ದಿನದೊಳಗೆ. ಹಾಲು ಕಾಯಿಸಿದರೂ ಹೋಗಲ್ಲ. ಆ ಹಾಲು ಮಕ್ಕಳೂ ಕುಡಿಯುತ್ತಾರೆ, ಅಲ್ವಾ? ಅಂಥ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲಿನಿಂದ ಈ ವಿಷ ಹೋಗುತ್ತದೆ ಅನ್ನೋದೊಂದೇ ಸಮಾಧಾನ.

ಹಿಂಡಿಯೇ ಬೇಡ ಅಂತಲ್ಲ. ಶೇಂಗಾ ಹಿಂಡಿಯಲ್ಲಿ ನೂರಕ್ಕೆ 40ರ ಆಸುಪಾಸು ಪ್ರೋಟೀನ್ ಇರುತ್ತದೆ, ಸುಮ್ನೆ ಬಿಡುವಂಥದ್ದಲ್ಲ. ಆದರೆ ಕೈಗೆ ತೇವ ತಗುಲಿದರೆ, ಗಂಟು ಕಟ್ಟಿದ್ದರೆ ತೆಗೆದುಕೊಳ್ಳಬೇಡಿ. ಪುಡಿ ಮಾಡಿ ಮಾರುವ ಹಿಂಡಿಯಂತೂ ನನಗೆ ಬೇಡವೇ ಬೇಡ. ಹಳೆಯದನ್ನು ಬೆರೆಸಿದರೂ ಗೊತ್ತಾಗಲ್ಲ. ಬೂಷ್ಟು ಕಾಣದಿದ್ದರೂ ವಿಷ ಇರಬಹುದು, ಅನುಮಾನ ಬಂದರೆ ಟೆಸ್ಟ್ ಮಾಡಿಸಿ. ಒಂದೇ ಜಾಗದ ತುಂಡು ಕೊಡಬೇಡಿ, ವಿಷ ಮೂಟೆಯಲ್ಲಿ ಅಲ್ಲಲ್ಲಿ ಇರುತ್ತದೆ. ಬೂಷ್ಟು ಹಿಡಿದದ್ದನ್ನು ಕೋಳಿಗೋ ನಾಯಿಗೋ ಹಾಕಿಬಿಡೋಣ ಅನ್ನಲೂ ಬೇಡಿ, ಅವಕ್ಕೂ ಅದು ವಿಷವೇ.

ಮಾರಿದವನು ಮೂಟೆ ವಾಪಸ್ ಕೊಡಿ, ಬೇರೆ ಕೊಡ್ತೀನಿ ಅಂದ. ನಾನು ಕೊಡಲಿಲ್ಲ. ಅದು ಮತ್ತೆ ಒಣಗಿ ಇನ್ನೊಬ್ಬರ ಕೊಟ್ಟಿಗೆಗೆ ಹೋಗುತ್ತಿತ್ತು.