ಐಪ್ಯಾಡ್‌ಗೆ ಯಾವ ಫೇಡರ್: ಕಾರ್ಗ್ ನ್ಯಾನೋಕಂಟ್ರೋಲ್ 2 ಅಥವಾ ಅಕಾಯ್ ಮಿಡಿಮಿಕ್ಸ್?

ಗಾಜಿನ ಮೇಲೆ ಬೆರಳು ಜಾರಿಸಿ ಮಿಕ್ಸ್ ಮಾಡುವುದು ನಿಜಕ್ಕೂ ಕಷ್ಟ. ಕಣ್ಣು ತೆಗೆದರೆ ಬೆರಳು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ?

ಅದಕ್ಕೇ ಐಪ್ಯಾಡ್‌ಗೆ ಜೋಡಿಸುವ ಈ ಎರಡು ಕಂಟ್ರೋಲರ್‌ಗಳು. ಎರಡರಲ್ಲೂ 8 ಚಾನೆಲ್ ಫೇಡರ್‌ಗಳು, ಅಂದರೆ ಮೇಲೆ ಕೆಳಗೆ ಜಾರಿಸಿ ಸದ್ದು ಏರಿಸಿ ಇಳಿಸುವ ಗುಂಡಿಗಳಿವೆ. ಕಾರ್ಗ್‌ನಲ್ಲಿ ನಾಬ್‌ಗಳು 8, ಅಕಾಯ್‌ನಲ್ಲಿ 24, ಜೊತೆಗೆ ಒಂದು ಮಾಸ್ಟರ್ ಫೇಡರ್. ನೀವು ಎಯುಎಂ (AUM) ಎಂಬ ಮಿಕ್ಸರ್ ಆ್ಯಪ್‌ನಲ್ಲಿ ಪ್ರತಿ ಚಾನೆಲ್‌ಗೂ ರಿವರ್ಬ್, ಡಿಲೇಯಂಥ ಎಫೆಕ್ಟ್ ಕೊಡುವವರಾದರೆ ಆ ಮೂರು ಸಾಲು ನಾಬ್‌ಗಳ ಬೆಲೆ ಕೈಗೇ ಗೊತ್ತಾಗುತ್ತದೆ, ನನ್ನ ಆಯ್ಕೆಯೂ ಅಕಾಯ್‌ನದೇ. ಬರೀ ವಾಲ್ಯೂಮ್, ಪ್ಯಾನ್ (ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವುದು) ಸಾಕು, ಬ್ಯಾಗಿನಲ್ಲಿ ತೆಳ್ಳಗೆ ಕೂರಬೇಕು ಅಂದರೆ ಕಾರ್ಗ್ ತಗೊಳ್ಳಿ. ಅದರಲ್ಲಿ ಪ್ಲೇ, ಸ್ಟಾಪ್, ರೆಕಾರ್ಡ್ ಬಟನ್‌ಗಳೂ ಇವೆ, ಕ್ಯೂಬೇಸಿಸ್ ಎಂಬ ರೆಕಾರ್ಡಿಂಗ್ ಆ್ಯಪ್‌ನಲ್ಲಿ ರೆಕಾರ್ಡ್ ಮಾಡುವವರಿಗೆ ಇದು ದೊಡ್ಡ ಅನುಕೂಲ.

ಎರಡೂ ಯುಎಸ್‌ಬಿ, ಬ್ಲೂಟೂತ್ ಇಲ್ಲ. ತಂತಿ ಬೇಡವಾದರೆ ನ್ಯಾನೋಕಂಟ್ರೋಲ್ ಸ್ಟುಡಿಯೋ ನೋಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಎರಡರಲ್ಲೂ ಫೇಡರ್‌ಗೆ ಮೋಟಾರ್ ಇಲ್ಲ, ಅವು ತಾವಾಗಿ ಸರಿಯುವುದಿಲ್ಲ. ಪ್ರಾಜೆಕ್ಟ್ ಬದಲಿಸಿದಾಗ ಪರದೆಯ ಮೇಲಿನ ಮಟ್ಟ ಒಂದು, ಕೈಯಲ್ಲಿರುವ ಫೇಡರ್ ಇನ್ನೊಂದು ಕಡೆ ಇರುತ್ತದೆ, ಆಗ ಸ್ವಲ್ಪ ಸರಿಸಿದರೂ ಸದ್ದು ದಿಢೀರ್ ಜಿಗಿಯುತ್ತದೆ. ಆ್ಯಪ್‌ನಲ್ಲಿ ಪಿಕಪ್ ಅಥವಾ ಸಾಫ್ಟ್ ಟೇಕೋವರ್ (ಫೇಡರ್ ಪರದೆಯ ಮಟ್ಟವನ್ನು ತಲುಪಿದ ಮೇಲಷ್ಟೇ ಕೆಲಸ ಮಾಡುವ ಸೆಟ್ಟಿಂಗ್) ಇದ್ದರೆ ಮೊದಲು ಅದನ್ನು ಆನ್ ಮಾಡಿಕೊಳ್ಳಿ.