ಹಿತ್ತಲ ಕೊಳದಿಂದ ಮನೆಯ ಬೆಲೆ ಹೆಚ್ಚುತ್ತದೆಯೇ? ಆರು ವರ್ಷಗಳ ಅನುಭವ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ 10 ಅಡಿ ಉದ್ದ, 6 ಅಡಿ ಅಗಲ, ಎರಡೂವರೆ ಅಡಿ ಆಳದ ಸಿಮೆಂಟ್ ಕೊಳವನ್ನು ಕಟ್ಟಿಸಿ ಆರು ವರ್ಷಗಳಾದವು. ಅದರಲ್ಲಿ ಸುಮಾರು 4,200 ಲೀಟರ್ ನೀರು ನಿಲ್ಲುತ್ತದೆ. ಇದರಿಂದ ಮನೆಯ ಬೆಲೆ ಏರುತ್ತದೆಂದು ಮೇಸ್ತ್ರಿ ಭರವಸೆ ಕೊಟ್ಟಿದ್ದರು. ಕಾಗದದ ಮೇಲಂತೂ ಏರಲಿಲ್ಲ.

ಮನೆಯ ಮೇಲೆ ಸಾಲ ಕೇಳಿದಾಗ ಬ್ಯಾಂಕಿನ ಪರವಾಗಿ ಬಂದ ಮೌಲ್ಯಮಾಪಕರು ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ ಮತ್ತು ವಯಸ್ಸನ್ನು ಬರೆದುಕೊಂಡರೇ ಹೊರತು, ವರದಿಯಲ್ಲಿ ಕೊಳದ ಉಲ್ಲೇಖವೇ ಇರಲಿಲ್ಲ. ನೋಂದಣಿಗೆ ಆಧಾರವಾಗುವ ಮಾರ್ಗಸೂಚಿ ದರವೂ ನಿವೇಶನ ಮತ್ತು ಕಟ್ಟಡದ ಅಳತೆಯನ್ನೇ ನೋಡುತ್ತದೆ. ಎರಡು ವರ್ಷಗಳ ಹಿಂದೆ ಮನೆ ಮಾರುವ ಯೋಚನೆ ಮಾಡಿದ್ದಾಗ ನೋಡಲು ಬಂದವರಲ್ಲಿ ಚಿಕ್ಕ ಮಕ್ಕಳಿದ್ದವರು ಹಿಂಜರಿದರು. ಉಳಿದವರು ಮೊದಲು ಕೇಳಿದ್ದು ದಿಕ್ಕನ್ನು. ಪಶ್ಚಿಮಕ್ಕೆ ಮುಖ ಮಾಡಿದ ಮನೆಯಾದ್ದರಿಂದ ಕೊಳವು ಈಶಾನ್ಯ ಮೂಲೆಗೆ ಬಂದಿದೆ, ವಾಸ್ತು ನಂಬುವವರು ನೀರಿಗೆ ಒಪ್ಪುವ ಮೂಲೆ ಅದು. ನೈಋತ್ಯದಲ್ಲಿದ್ದಿದ್ದರೆ ಮುಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳುತ್ತಿದ್ದೆವೆಂದು ಒಬ್ಬರು ನೇರವಾಗಿಯೇ ಹೇಳಿದರು. ಕೊನೆಗೆ ನಾವು ಮಾರಲಿಲ್ಲ, ಮತ್ತು ಹಾಗೆ ನಿರ್ಧರಿಸಲು ಈ ಕೊಳವೂ ಒಂದು ಕಾರಣ.

ನಿರ್ವಹಣೆಯ ವಿಷಯದಲ್ಲಿ ನಾವು ಪಾಠ ಕಲಿತದ್ದು ನಷ್ಟದಿಂದ. ಹೊಸ ಗಾರೆಯ ಸುಣ್ಣದಂಶ ನೀರಿಗೆ ಬಿಡುತ್ತದೆಂದು ತಿಳಿಯದೆ ಮೊದಲ ವಾರವೇ ಬಿಟ್ಟ ಮೀನುಗಳೆಲ್ಲ ಎರಡೇ ದಿನಗಳಲ್ಲಿ ಸತ್ತವು. ಆ ಸಂಕಟ ಇಂದಿಗೂ ಮರೆತಿಲ್ಲ. ಆಮೇಲೆ ಮೂರು ವಾರ ನೀರು ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿದೆವು. ನಮ್ಮ ಸೆಕೆಯಲ್ಲಿ ಸೊಳ್ಳೆಯ ಮೊಟ್ಟೆ ಒಂದು ವಾರ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಗಪ್ಪಿ ಮೀನುಗಳು ಮರಿಹುಳುಗಳನ್ನು ತಿಂದುಬಿಡುವುದರಿಂದ ನಮ್ಮ ಕೊಳದಲ್ಲಿ ಆ ಕಾಟವಿಲ್ಲ. ಮೊದಲೆರಡು ಬೇಸಿಗೆ ನೀರು ಹಸಿರುಗಟ್ಟಿತ್ತು. ನೈದಿಲೆಯ ಎಲೆಗಳು ಅರ್ಧ ಭಾಗಕ್ಕೆ ನೆರಳು ಹಾಸಿದ ಮೇಲೆ ಪಾಚಿ ತಾನಾಗಿ ಹಿಮ್ಮೆಟ್ಟಿತು. 40 ವ್ಯಾಟ್‌ನ ಪಂಪು ಹಗಲೂ ರಾತ್ರಿ ಓಡುವುದರಿಂದ ದಿನಕ್ಕೆ ಸುಮಾರು ಒಂದು ಯೂನಿಟ್ ವಿದ್ಯುತ್ ಬೇಕು, ಏಪ್ರಿಲ್‌ನಲ್ಲಿ ಆವಿಯಾದ ನೀರನ್ನು ಸರಿದೂಗಿಸಲು ದಿನಕ್ಕೆ ಎರಡು ಮೂರು ಬಕೆಟ್ ಸುರಿಯಬೇಕು. ನಾಲ್ಕನೆಯ ವರ್ಷ ಅಂಚಿನಲ್ಲಿ ಬಿರುಕು ಬಿಟ್ಟಿತು.

ಎರಡು ಮೂರು ವರ್ಷಗಳಲ್ಲಿ ಮನೆ ಮಾರುವವರು ಕೊಳಕ್ಕೆ ಹಣ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲೇ ಬಾಳುವವರು ಧೈರ್ಯವಾಗಿ ಕಟ್ಟಿಸಬಹುದು, ಆದರೆ ಮಕ್ಕಳಿದ್ದರೆ ನೀರಿನ ಮೇಲೆ ಗಟ್ಟಿಯಾದ ಕಬ್ಬಿಣದ ಜಾಲರಿ ಇರಲೇಬೇಕು. ತಳದಲ್ಲಿ ನೀರು ಬಿಡುವ ಕೊಳವೆಯನ್ನೂ ಮೊದಲೇ ಇಡಿಸಿಕೊಳ್ಳಿ. ನಾವು ಇಡಿಸಿರಲಿಲ್ಲವಾದ್ದರಿಂದ ತೊಳೆಯುವಾಗಲೆಲ್ಲ ಮೀನುಗೊಬ್ಬರ ಬೆರೆತ ಆ ನೀರನ್ನು ಬಕೆಟ್‌ನಲ್ಲಿ ಮೊಗೆದು ಬಾಳೆಯ ಬುಡಕ್ಕೆ ಹೊತ್ತು ಹಾಕುತ್ತಿದ್ದೇವೆ.